ವಿಜ್ಞಾನಿಗಳಿಗೆ ಸಂವಹನ ಶಿಕ್ಷಣ: ಒಂದು ಚಾರಿತ್ರಿಕ ಅವಲೋಕನ

ವಿಜ್ಞಾನದ ಚರಿತ್ರೆಯೆಂದರೆ ಆವಿಷ್ಕಾರಗಳ ಚರಿತ್ರೆ ಎಂಬ ಭಾವನೆ ಸಾಮಾನ್ಯವಾಗಿದೆ. ಯಾವ ವರ್ಷ ಯಾರು ಏನನ್ನು ಕಂಡುಹಿಡಿದರು ಎಂಬುದು ಪಠ್ಯಪುಸ್ತಕಗಳಲ್ಲಿ ದಾಖಲಾಗುತ್ತದೆ. ಕಂಡುಹಿಡಿದುದನ್ನು ಅವರು ಜನರಿಗೆ ಹೇಗೆ ತಿಳಿಸಿದರು, ತಿಳಿಸುವ ವಿದ್ಯೆಯನ್ನು ಎಲ್ಲಿ ಕಲಿತರು ಎಂಬುದು ದಾಖಲಾಗುವುದು ಕಡಮೆ. ಸಂಶೋಧನೆಯನ್ನು ಬಲ್ಲವನಿಗೆ ಅದನ್ನು ವಿವರಿಸುವ ಶಕ್ತಿ ತಾನಾಗಿಯೇ ಬರುತ್ತದೆಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ಎಷ್ಟು ದುರ್ಬಲವಾದುದೆಂಬುದನ್ನು ಕಳೆದ ಎರಡು ಶತಮಾನಗಳ ಅನುಭವ ತೋರಿಸಿಕೊಟ್ಟಿದೆ. ಸಂಶೋಧಕರಿಗೆ ಸಂವಹನ ಕೌಶಲವನ್ನು ಕಲಿಸುವ ಪ್ರಯತ್ನಗಳು ಮೊದಲು ವ್ಯಕ್ತಿಗತ ಶ್ರದ್ಧೆಯಾಗಿ ಆರಂಭಗೊಂಡು, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಾಂಸ್ಥಿಕ ರೂಪ ತಳೆದವು. ಈ ಬೆಳವಣಿಗೆಯ ಮುಖ್ಯ ಘಟ್ಟಗಳನ್ನು ಪರಿಶೀಲಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಮೊದಲು ಕಲಿಸಿದ್ದು ಮಾತನಾಡುವುದನ್ನು. ಕೇಳಿಸಿಕೊಳ್ಳುವುದನ್ನೂ, ತಿಳಿಯದುದನ್ನು ತಿಳಿಯದೆಂದು ಹೇಳುವುದನ್ನೂ ಕಲಿಸಬೇಕೆಂಬ ಅರಿವು ಮೂಡಿದ್ದು ಜನ ಸಾಕಷ್ಟು ಬೆಲೆ ತೆತ್ತ ಮೇಲೆ.

ವೇದಿಕೆಯ ವಿದ್ಯೆ

ಈ ಚರಿತ್ರೆಯ ಆರಂಭದಲ್ಲಿ ನಿಲ್ಲುವ ಹೆಸರು ಮೈಕೆಲ್ ಫ್ಯಾರಡೆ ಅವರದು. ಬಡ ಕಮ್ಮಾರನೊಬ್ಬನ ಮಗನಾಗಿ 1791ರಲ್ಲಿ ಜನಿಸಿದ ಅವರು ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವರು. 1812ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಮರುವರ್ಷ ಅದೇ ಸಂಸ್ಥೆಯಲ್ಲಿ ಸಹಾಯಕರಾಗಿ ಸೇರಿದರು. ಆ ವರ್ಷವೇ ಅವರು ಗೆಳೆಯ ಬೆಂಜಮಿನ್ ಅಬಟ್‌ನಿಗೆ ಬರೆದ ಪತ್ರಗಳಲ್ಲಿ ಉಪನ್ಯಾಸ ಕಲೆಯ ಸುದೀರ್ಘ ಚರ್ಚೆ ಇದೆ. ಸಭಾಂಗಣದ ಆಕಾರ ಹೇಗಿರಬೇಕು, ಗಾಳಿ ಬೆಳಕು ಎಷ್ಟಿರಬೇಕು, ಉಪನ್ಯಾಸಕ ಹೇಗೆ ನಿಲ್ಲಬೇಕು, ಸಭಿಕರತ್ತ ಹೇಗೆ ನೋಡಬೇಕು, ಎಷ್ಟು ಹೊತ್ತು ಮಾತನಾಡಬೇಕು ಎಂಬುದನ್ನೆಲ್ಲ ಇಪ್ಪತ್ತೊಂದು ವಯಸ್ಸಿನ ಆ ಯುವಕ ಸೂಕ್ಷ್ಮವಾಗಿ ಗಮನಿಸಿದ್ದರು. ಒಂದು ಗಂಟೆಗೆ ಮೀರಿದ ಉಪನ್ಯಾಸ ಸಲ್ಲದೆಂಬುದು ಅವರ ತೀರ್ಮಾನವಾಗಿತ್ತು.

ಫ್ಯಾರಡೆಯವರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಬೆಂಜಮಿನ್ ಸ್ಮಾರ್ಟ್ ಎಂಬ ಉಚ್ಚಾರಣ ಶಿಕ್ಷಕರಿಂದ ಭಾಷಣ ಕಲೆಯ ಪಾಠ ಹೇಳಿಸಿಕೊಂಡರು. ಮುಂದೆ ತಮ್ಮ ಉಪನ್ಯಾಸಗಳಿಗೆ ಅವರನ್ನು ಕರೆಸಿ ತಪ್ಪುಗಳನ್ನು ಹೇಳುವಂತೆ ಕೇಳಿಕೊಂಡರು. ಉಪನ್ಯಾಸ ಮಾಡುವಾಗ 'ನಿಧಾನ' ಎಂಬರ್ಥದ ಪದವನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಚೀಟಿ ಅವರ ಮುಂದೆ ಇರುತ್ತಿತ್ತು. ಉತ್ಸಾಹದಲ್ಲಿ ಅದನ್ನು ಮರೆತು ವೇಗವಾಗಿ ಮಾತನಾಡತೊಡಗಿದರೆ ಅದನ್ನು ಮತ್ತೆ ಎದುರಿಗಿಡಬೇಕೆಂದು ಸಹಾಯಕ ಆಂಡರ್ಸನ್ನರಿಗೆ ಸೂಚನೆ ಇತ್ತು. ಗಂಟೆ ಮುಗಿಯುತ್ತ ಬಂದಾಗ 'ಸಮಯ' ಎಂದು ಬರೆದ ಇನ್ನೊಂದು ಚೀಟಿ ಬರುತ್ತಿತ್ತು. ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದ ಮಹಾವಿಜ್ಞಾನಿ ತನ್ನ ಮಾತಿನ ವೇಗವನ್ನು ತಿದ್ದುವ ಅಧಿಕಾರವನ್ನು ಸಹಾಯಕನಿಗೆ ಒಪ್ಪಿಸಿದ್ದುದು ಗಮನಾರ್ಹ. ಮಾತು ಹುಟ್ಟಿನಿಂದ ಬಂದ ವರವಲ್ಲ, ಅಭ್ಯಾಸದಿಂದ ಸಾಧಿಸಬೇಕಾದ ವಿದ್ಯೆ ಎಂಬ ತಿಳಿವಳಿಕೆ ಇದರ ಹಿಂದಿದೆ.

1820ರ ದಶಕದ ನಡುವಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನೂ ಕಿರಿಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನೂ ಪ್ರಾರಂಭಿಸಿತು. ಫ್ಯಾರಡೆಯವರೇ ಹತ್ತೊಂಬತ್ತು ಬಾರಿ ಕ್ರಿಸ್‌ಮಸ್ ಉಪನ್ಯಾಸ ಮಾಲೆಯನ್ನು ನೀಡಿದರು. ಮೇಣದ ಬತ್ತಿಯೊಂದನ್ನು ಉರಿಸಿ ಅದರಿಂದ ರಸಾಯನಶಾಸ್ತ್ರವನ್ನೇ ವಿವರಿಸಿದ ಅವರ ಉಪನ್ಯಾಸಗಳು ಪುಸ್ತಕವಾಗಿ ಲೋಕಪ್ರಸಿದ್ಧವಾದವು. ಅದೇ ಶತಮಾನದಲ್ಲಿ ಥಾಮಸ್ ಹಕ್ಸ್‌ಲಿ ಕಾರ್ಮಿಕರಿಗಾಗಿಯೇ ಉಪನ್ಯಾಸಗಳನ್ನು ಏರ್ಪಡಿಸಿದರು. 1831ರಲ್ಲಿ ಯಾರ್ಕ್ ನಗರದಲ್ಲಿ ಸ್ಥಾಪಿತವಾದ ಬ್ರಿಟಿಷ್ ಅಸೋಸಿಯೇಷನ್ ವರ್ಷಕ್ಕೊಂದು ಊರಿನಲ್ಲಿ ಸಮ್ಮೇಳನ ನಡೆಸಿ ವಿಜ್ಞಾನಿಗಳನ್ನು ಜನರ ಮುಂದೆ ತಂದಿತು. ಆದರೆ ಇವೆಲ್ಲ ವೇದಿಕೆಯ ವಿದ್ಯೆಯಾಗಿದ್ದವು. ಮಾತನಾಡುವವನು ಎತ್ತರದಲ್ಲಿ, ಕೇಳುವವರು ಕೆಳಗೆ. ಕೇಳುಗರು ಬೆರಗಾಗಬೇಕಿತ್ತು, ತಿಳಿದುಕೊಳ್ಳಬೇಕಿತ್ತು. ಅವರಿಂದ ಮರಳಿ ಪಡೆಯುವುದೇನಾದರೂ ಇದೆಯೆಂಬ ಕಲ್ಪನೆ ಆ ಕಾಲಕ್ಕೆ ಅಷ್ಟಾಗಿ ಇರಲಿಲ್ಲ.

ಮಧ್ಯವರ್ತಿಯ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನ ಶಾಖೋಪಶಾಖೆಗಳಾಗಿ ಒಡೆಯಿತು. ಒಂದು ಶಾಖೆಯ ಪರಿಭಾಷೆ ಮತ್ತೊಂದು ಶಾಖೆಯವರಿಗೇ ತಿಳಿಯದಂತಾಯಿತು. ಸಂಶೋಧಕರು ತಮ್ಮ ಸಹೋದ್ಯೋಗಿಗಳಿಗಾಗಿ ವಿಶೇಷ ನಿಯತಕಾಲಿಕಗಳಲ್ಲಿ ಬರೆಯತೊಡಗಿದರು. ಜನರಿಗೆ ತಿಳಿಸುವ ಹೊಣೆ ಪತ್ರಕರ್ತರ ಪಾಲಿಗೆ ಬಂದಿತು. 1921ರಲ್ಲಿ ಅಮೆರಿಕದ ಪತ್ರಿಕೋದ್ಯಮಿ ಇ. ಡಬ್ಲ್ಯು. ಸ್ಕ್ರಿಪ್ಸ್ ಅವರ ನೆರವಿನಿಂದ 'ಸೈನ್ಸ್ ಸರ್ವಿಸ್' ಎಂಬ ಸುದ್ದಿಸಂಸ್ಥೆ ಹುಟ್ಟಿತು. ರಸಾಯನಶಾಸ್ತ್ರಜ್ಞ ಎಡ್ವಿನ್ ಸ್ಲೊಸನ್ ಅದರ ಸಂಪಾದಕರಾದರು. ವೃತ್ತಪತ್ರಿಕೆಗಳಿಗೆ ನಂಬಲರ್ಹವಾದ ವಿಜ್ಞಾನ ಸುದ್ದಿಯನ್ನು ಒದಗಿಸುವುದು ಅದರ ಉದ್ದೇಶವಾಗಿತ್ತು. ಬ್ರಿಟನ್ನಿನಲ್ಲಿಯೂ ಇದೇ ದಶಕದ ಕೊನೆಯಲ್ಲಿ ಪತ್ರಿಕೆಗಳು ವಿಜ್ಞಾನ ವರದಿಗಾರರನ್ನು ನೇಮಿಸಿಕೊಳ್ಳತೊಡಗಿದವು.

ಈ ಏರ್ಪಾಡಿನಿಂದ ಪ್ರಯೋಜನ ಆದದ್ದು ನಿಜ. ಆದರೆ ಅದರ ಜೊತೆಯಲ್ಲೇ ವಿಜ್ಞಾನಿ ಸಮುದಾಯದಲ್ಲಿ ಒಂದು ಮನೋಭಾವ ಬೇರೂರಿತು. ಪತ್ರಿಕೆಗೆ ಬರೆಯುವವನು, ಬಾನುಲಿಯಲ್ಲಿ ಮಾತನಾಡುವವನು ಸಂಶೋಧನೆಯಲ್ಲಿ ಹಿಂದುಳಿದವನಿರಬೇಕೆಂಬ ಗುಮಾನಿಯೇ ಆ ಮನೋಭಾವ. ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಇದರ ಪ್ರಸಿದ್ಧ ನಿದರ್ಶನ. ದೂರದರ್ಶನ ಸರಣಿಯ ಮೂಲಕ ಕೋಟ್ಯಂತರ ಜನರಿಗೆ ವಿಶ್ವವನ್ನು ಪರಿಚಯಿಸಿದ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1992ರಲ್ಲಿ ಸದಸ್ಯತ್ವ ನಿರಾಕರಿಸಿತು. ಎರಡು ವರ್ಷಗಳ ಅನಂತರ ಅದೇ ಅಕಾಡೆಮಿ ಲೋಕಹಿತ ಸೇವೆಗಾಗಿ ನೀಡುವ ತನ್ನ ಪದಕವನ್ನು ಅವರಿಗೆ ನೀಡಿ ಗೌರವಿಸಿತು. ಸಂವಹನವನ್ನು ಸೇವೆಯೆಂದು ಕೊಂಡಾಡಲು ಸಿದ್ಧವಿದ್ದ ಸಮುದಾಯ ಅದನ್ನು ವಿದ್ವತ್ತಿನ ಅಂಗವೆಂದು ಒಪ್ಪಲು ಇನ್ನೂ ಸಿದ್ಧವಿರಲಿಲ್ಲ.

ಬೋಡ್ಮರ್ ವರದಿ ಮತ್ತು ತರಬೇತಿಯ ಆರಂಭ

ಈ ಸ್ಥಿತಿಯಲ್ಲಿ ಬದಲಾವಣೆ ತಂದದ್ದು 1985ರ ಒಂದು ವರದಿ. ತಳಿವಿಜ್ಞಾನಿ ವಾಲ್ಟರ್ ಬೋಡ್ಮರ್ ಅವರ ಅಧ್ಯಕ್ಷತೆಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ನೇಮಿಸಿದ ಸಮಿತಿ, ಜನಸಾಮಾನ್ಯರಲ್ಲಿ ವಿಜ್ಞಾನದ ತಿಳಿವಳಿಕೆ ಎಷ್ಟಿದೆ, ಅದನ್ನು ಹೆಚ್ಚಿಸುವುದು ಹೇಗೆ ಎಂಬುದನ್ನು ಪರಿಶೀಲಿಸಿತು. ಶಾಲೆಗಳು, ಪತ್ರಿಕೆಗಳು, ಉದ್ಯಮಗಳು, ವಸ್ತುಸಂಗ್ರಹಾಲಯಗಳು ಹೀಗೆ ಎಲ್ಲರಿಗೂ ಅದರಲ್ಲಿ ಸಲಹೆಗಳಿದ್ದವು. ಆದರೆ ಅತ್ಯಂತ ನೇರವಾದ ಸಲಹೆ ವಿಜ್ಞಾನಿಗಳಿಗೇ ಮೀಸಲಾಗಿತ್ತು. ಜನರೊಡನೆ ಮಾತನಾಡಲು ಕಲಿಯುವುದು, ಮನಸ್ಸು ಮಾಡುವುದು, ಅದನ್ನು ಕರ್ತವ್ಯವೆಂದು ಭಾವಿಸುವುದು ಅವರ ಹೊಣೆ ಎಂದು ಸಮಿತಿ ಅಭಿಪ್ರಾಯಪಟ್ಟಿತು.

ವರದಿಯ ಫಲವಾಗಿ ರಾಯಲ್ ಸೊಸೈಟಿ, ರಾಯಲ್ ಇನ್‌ಸ್ಟಿಟ್ಯೂಷನ್ ಮತ್ತು ಬ್ರಿಟಿಷ್ ಅಸೋಸಿಯೇಷನ್ ಮೂರೂ ಸೇರಿ 'ಕೋಪಸ್' ಎಂಬ ಸಂಯುಕ್ತ ಸಮಿತಿಯನ್ನು ರಚಿಸಿಕೊಂಡವು. ಸಂವಹನದಲ್ಲಿ ಸಾಧನೆ ಮಾಡಿದ ವಿಜ್ಞಾನಿಗಳಿಗಾಗಿ ರಾಯಲ್ ಸೊಸೈಟಿ 1986ರಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. ಅದಕ್ಕೆ ಫ್ಯಾರಡೆಯವರ ಹೆಸರನ್ನೇ ಇಟ್ಟದ್ದು ಉಚಿತವಾಗಿತ್ತು. ಅಮೆರಿಕದಲ್ಲಿ 1970ರ ದಶಕದಿಂದಲೇ ವಿಜ್ಞಾನ ಪ್ರಗತಿ ಸಂಘವು ಯುವ ಸಂಶೋಧಕರನ್ನು ಬೇಸಗೆಯಲ್ಲಿ ಪತ್ರಿಕಾ ಕಚೇರಿಗಳಿಗೆ ಕಳುಹಿಸುವ ಪದ್ಧತಿಯನ್ನು ನಡೆಸಿಕೊಂಡು ಬಂದಿತ್ತು. ಬ್ರಿಟಿಷ್ ಅಸೋಸಿಯೇಷನ್ 1987ರಲ್ಲಿ ಇದೇ ಬಗೆಯ ಮಾಧ್ಯಮ ಫೆಲೋಶಿಪ್ಪನ್ನು ಆರಂಭಿಸಿತು. ಸಂಶೋಧಕ ಕೆಲವು ವಾರಗಳ ಕಾಲ ಪ್ರಯೋಗಾಲಯವನ್ನು ಬಿಟ್ಟು ಪತ್ರಿಕೆಯ ಸುದ್ದಿಮನೆಯಲ್ಲಿಯೋ ಪ್ರಸಾರ ಸಂಸ್ಥೆಯಲ್ಲಿಯೋ ಕೆಲಸ ಮಾಡಬೇಕು. ಮೂರು ವರ್ಷ ದುಡಿದು ಬರೆದ ಪ್ರಬಂಧವನ್ನು ಮುನ್ನೂರು ಪದಗಳಿಗೆ ಇಳಿಸುವುದು ಎಂಥ ಕಷ್ಟದ ಕೆಲಸವೆಂಬುದನ್ನು ಅಲ್ಲಿ ಅವನು ಕಾಣುತ್ತಿದ್ದ.

ತರಬೇತಿ ಶಿಬಿರಗಳ ಪಾಠಕ್ರಮ ಈ ಅವಧಿಯಲ್ಲಿಯೇ ರೂಪುಗೊಂಡಿತು. ಸಂಶೋಧನಾ ಪ್ರಬಂಧದಲ್ಲಿ ಹಿನ್ನೆಲೆ ಮೊದಲು, ವಿಧಾನ ಅನಂತರ, ಫಲಿತಾಂಶ ಕೊನೆಗೆ. ಸುದ್ದಿಯಲ್ಲಿ ಈ ಕ್ರಮ ತಲೆಕೆಳಗು. ಹೇಳಬೇಕಾದ ಎರಡು ಮೂರು ಮುಖ್ಯ ಅಂಶಗಳನ್ನು ಮೊದಲೇ ನಿರ್ಧರಿಸಿಕೊಳ್ಳುವುದು, ಪರಿಭಾಷೆಗೆ ಬದಲಾಗಿ ದಿನಬಳಕೆಯ ಹೋಲಿಕೆಯನ್ನು ಹುಡುಕುವುದು, ಕ್ಯಾಮರಾ ಎದುರಿಗೆ ಅಣಕು ಸಂದರ್ಶನ ಕೊಟ್ಟು ಬಳಿಕ ಅದನ್ನು ತಾನೇ ನೋಡಿ ತಿದ್ದಿಕೊಳ್ಳುವುದು, ಇವು ಸಾಮಾನ್ಯ ಅಭ್ಯಾಸಗಳಾದವು. 1991ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ವಿಜ್ಞಾನ ಸಂವಹನದಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ಪ್ರಾರಂಭಿಸಿತು.

ಈ ಎಲ್ಲ ಪ್ರಯತ್ನಗಳ ತಳಹದಿಯಲ್ಲಿ ಒಂದು ಗ್ರಹಿಕೆ ಇತ್ತು. ಜನರಿಗೆ ವಿಜ್ಞಾನ ತಿಳಿಯದು. ಆದ್ದರಿಂದ ಅವರು ಅದನ್ನು ಅನುಮಾನಿಸುತ್ತಾರೆ. ತಿಳಿಸಿಕೊಟ್ಟರೆ ಅನುಮಾನ ಹೋಗುತ್ತದೆ. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ನಡೆದ ಸಮೀಕ್ಷೆಯಲ್ಲಿ, ಭೂಮಿ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆಂದು ಸರಿಯಾಗಿ ಹೇಳಿದವರು ಸುಮಾರು ಮೂರನೆಯ ಒಂದು ಪಾಲು ಮಾತ್ರ. ಇಂಥ ಅಂಕಿಗಳು ಆ ಗ್ರಹಿಕೆಯನ್ನು ಬಲಪಡಿಸಿದವು. ಇದನ್ನೇ ಮುಂದಿನ ವಿಮರ್ಶಕರು 'ಕೊರತೆಯ ಮಾದರಿ' ಎಂದು ಕರೆದರು. ಬರಿಯ ಕೊಡಕ್ಕೆ ನೀರು ಸುರಿದಂತೆ ಜನರ ಅಜ್ಞಾನಕ್ಕೆ ಮಾಹಿತಿಯನ್ನು ಸುರಿದರೆ ಸಾಕು ಎಂಬ ಈ ಭಾವನೆಯ ದೌರ್ಬಲ್ಯ 1990ರ ದಶಕದ ಮೂರು ಪ್ರಸಂಗಗಳಲ್ಲಿ ಬಯಲಾಯಿತು.

ಮೂರು ಪ್ರಸಂಗಗಳು

ಮೊದಲನೆಯದು 1995ರ ಅಕ್ಟೋಬರಿನ ಗರ್ಭನಿರೋಧಕ ಮಾತ್ರೆಯ ಪ್ರಕರಣ. ಕೆಲವು ಹೊಸ ಬಗೆಯ ಮಾತ್ರೆಗಳನ್ನು ಸೇವಿಸುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಕೆ ಹೊರಡಿಸಿತು. ಹೇಳಿಕೆಯಲ್ಲಿ ಸುಳ್ಳಿರಲಿಲ್ಲ. ಆದರೆ ಇಮ್ಮಡಿಯೆಂದರೆ ಏಳು ಸಾವಿರ ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದುದು ಇಬ್ಬರಿಗೆ ಆಗುತ್ತದೆ ಎಂದಷ್ಟೇ. ಇದನ್ನು ಯಾರೂ ಜನರಿಗೆ ಬಿಡಿಸಿ ಹೇಳಲಿಲ್ಲ. ಗಾಬರಿಗೊಂಡ ಅನೇಕರು ಮಾತ್ರೆಯನ್ನೇ ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾಗಿ ನಡೆದವೆಂದು ಅಂದಾಜು ಮಾಡಲಾಗಿದೆ. ಗರ್ಭಧಾರಣೆಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯದಕ್ಕಿಂತ ಹೆಚ್ಚಿನದು ಎಂಬುದು ಈ ದುರಂತದ ವ್ಯಂಗ್ಯ. ಅನುಪಾತವನ್ನು ಹೇಳುವಾಗ ಮೂಲಸಂಖ್ಯೆಯನ್ನೂ ಹೇಳಬೇಕೆಂಬ ಸರಳ ನಿಯಮ ಇಂದು ಎಲ್ಲ ಸಂವಹನ ಶಿಬಿರಗಳ ಮೊದಲ ಪಾಠಗಳಲ್ಲೊಂದು.

ಎರಡನೆಯದು ಹುಚ್ಚು ಹಸು ರೋಗ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಗುರುತಿಸಲಾದ ಈ ರೋಗ ಮನುಷ್ಯರಿಗೆ ತಗಲುವ ಸಂಭವ ತೀರ ಕಡಮೆಯೆಂದು 1989ರಲ್ಲಿ ರಿಚರ್ಡ್ ಸೌತ್‌ವುಡ್ ಅವರ ಸಮಿತಿ ಅಭಿಪ್ರಾಯಪಟ್ಟಿತು. ಆದರೆ ತನ್ನ ಅಂದಾಜು ತಪ್ಪಾದಲ್ಲಿ ಪರಿಣಾಮ ಘೋರವಾದೀತೆಂಬ ಎಚ್ಚರಿಕೆಯನ್ನೂ ಸಮಿತಿ ಸೇರಿಸಿತ್ತು. ವರದಿಯ ಮೊದಲ ಭಾಗ ಮತ್ತೆ ಮತ್ತೆ ಉದ್ಧೃತವಾಯಿತು. ಎರಡನೆಯ ಭಾಗ ಮರೆಗೆ ಸರಿಯಿತು. 1990ರಲ್ಲಿ ಕೃಷಿ ಸಚಿವರು ಕ್ಯಾಮರಾಗಳ ಎದುರು ತಮ್ಮ ಪುಟ್ಟ ಮಗಳಿಗೆ ದನದ ಮಾಂಸದ ತಿನಿಸನ್ನು ಕೊಡಲು ಮುಂದಾದರು. 1996ರ ಮಾರ್ಚ್ 20ರಂದು, ಮನುಷ್ಯರಲ್ಲಿ ಕಾಣಿಸಿಕೊಂಡ ಮಾರಕ ಮಿದುಳು ರೋಗಕ್ಕೂ ಹುಚ್ಚು ಹಸು ರೋಗಕ್ಕೂ ಸಂಬಂಧವಿರುವ ಸಂಭವವಿದೆಯೆಂದು ಆರೋಗ್ಯ ಸಚಿವರು ಸಂಸತ್ತಿನಲ್ಲಿ ಪ್ರಕಟಿಸಬೇಕಾಯಿತು. ಆ ರೋಗದಿಂದ ಬ್ರಿಟನ್ನಿನಲ್ಲಿ ಒಟ್ಟು 178 ಮಂದಿ ಮರಣ ಹೊಂದಿದರು. 2000ದ ಅಕ್ಟೋಬರಿನಲ್ಲಿ ಪ್ರಕಟವಾದ ಫಿಲಿಪ್ಸ್ ವಿಚಾರಣಾ ವರದಿ ಎತ್ತಿ ಹೇಳಿದ ಪಾಠ ಇದು: ಅನಿಶ್ಚಯವನ್ನು ಜನರಿಂದ ಮರೆಮಾಚಬಾರದು. ಅಪಾಯವಿದೆಯೆಂಬುದಕ್ಕೆ ಪುರಾವೆ ದೊರೆತಿಲ್ಲ ಎಂಬುದು ಒಂದು ಮಾತು, ಅಪಾಯವಿಲ್ಲ ಎಂಬುದು ಬೇರೊಂದು ಮಾತು. ವಿಜ್ಞಾನಿಯ ಬಾಯಿಂದ ಹೊರಟ ಮೊದಲನೆಯ ಮಾತು ಸಚಿವರನ್ನೂ ಪತ್ರಿಕೆಯನ್ನೂ ದಾಟಿ ಜನರನ್ನು ಮುಟ್ಟುವ ವೇಳೆಗೆ ಎರಡನೆಯದಾಗಿ ಮಾರ್ಪಟ್ಟಿತ್ತು.

ಮೂರನೆಯದು ಎಂಎಂಆರ್ ಲಸಿಕೆಯ ಪ್ರಕರಣ. 1998ರ ಫೆಬ್ರವರಿಯಲ್ಲಿ ಆ್ಯಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ ಹನ್ನೆರಡು ಮಕ್ಕಳ ಅಧ್ಯಯನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಲಸಿಕೆಗೂ ಆಟಿಸಂಗೂ ಸಂಬಂಧವನ್ನು ಆ ಪ್ರಬಂಧ ಸಿದ್ಧಪಡಿಸಿರಲಿಲ್ಲ. ಆದರೆ ಅದರ ಬಿಡುಗಡೆಗೆಂದು ಕರೆದ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್ ಸಂಯುಕ್ತ ಲಸಿಕೆಯ ಬಗ್ಗೆ ಸಂಶಯ ವ್ಯಕ್ತಪಡಿಸಿ, ಬಿಡಿ ಲಸಿಕೆಗಳನ್ನು ನೀಡುವುದು ಲೇಸೆಂದರು. ಲಿಖಿತ ಪ್ರಬಂಧದ ಎಚ್ಚರಿಕೆಯ ಮಾತುಗಳಿಗಿಂತ ಗೋಷ್ಠಿಯ ಮಾತುಗಳೇ ದೇಶವನ್ನು ತಲುಪಿದವು. ಎದುರು ಪಕ್ಷದಲ್ಲಿ ಅಪಾರ ಸಾಕ್ಷ್ಯವಿದ್ದರೂ, ಒಬ್ಬರ ಪರ ಒಬ್ಬರ ವಿರೋಧ ಎಂಬ ಪತ್ರಿಕಾ ನೀತಿಯಿಂದಾಗಿ ಎರಡೂ ಸಮಾನವೆಂಬಂತೆ ಕಂಡವು. ಇಂಗ್ಲೆಂಡಿನಲ್ಲಿ 1990ರ ದಶಕದ ನಡುವಿನಲ್ಲಿ ಶೇ. 92ರಷ್ಟಿದ್ದ ಲಸಿಕೆಯ ಪ್ರಮಾಣ 2003-04ರ ವೇಳೆಗೆ ಶೇ. 80ಕ್ಕೆ ಕುಸಿಯಿತು. ಹತೋಟಿಗೆ ಬಂದಿದ್ದ ದಡಾರ ಮತ್ತೆ ನೆಲೆಯೂರಿದೆಯೆಂದು 2008ರಲ್ಲಿ ಘೋಷಿಸಬೇಕಾಯಿತು. 2010ರಲ್ಲಿ ಪ್ರಬಂಧವನ್ನು 'ಲ್ಯಾನ್ಸೆಟ್' ಹಿಂತೆಗೆದುಕೊಂಡಿತು. ಲೇಖಕರ ವೈದ್ಯ ವೃತ್ತಿಯ ನೋಂದಣಿಯೂ ರದ್ದಾಯಿತು. ಅಷ್ಟರಲ್ಲಿ ಹನ್ನೆರಡು ವರ್ಷಗಳು ಸಂದಿದ್ದವು. ಮಾಧ್ಯಮ ಕೌಶಲವೊಂದೇ ಸದ್ಗುಣವಲ್ಲ, ಸಾಕ್ಷ್ಯದ ಮಿತಿಯನ್ನು ಮೀರದ ವಿವೇಕ ಅದರ ಜೊತೆಗಿರಬೇಕು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಈ ಪ್ರಸಂಗಗಳ ಹಿನ್ನೆಲೆಯಲ್ಲಿ ಬ್ರಿಟನ್ನಿನ ಪ್ರಭುಗಳ ಸಭೆಯ ವಿಜ್ಞಾನ ಸಮಿತಿ 2000ದಲ್ಲಿ ನೀಡಿದ ವರದಿ, ಸಮಸ್ಯೆ ಇರುವುದು ಜನರ ಅಜ್ಞಾನದಲ್ಲಿ ಅಲ್ಲ, ಕಳೆದುಹೋದ ವಿಶ್ವಾಸದಲ್ಲಿ ಎಂದು ಗುರುತಿಸಿತು. ಉಪದೇಶದ ಸ್ಥಾನದಲ್ಲಿ ಸಂವಾದ ಬರಬೇಕೆಂದಿತು. 2002ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕಟ್ಟಡದಲ್ಲಿಯೇ 'ಸೈನ್ಸ್ ಮೀಡಿಯ ಸೆಂಟರ್' ಕಾರ್ಯಾರಂಭ ಮಾಡಿತು. ವಿವಾದಗಳೆದ್ದಾಗ ಸಂಬಂಧಪಟ್ಟ ತಜ್ಞರನ್ನು ಪತ್ರಕರ್ತರಿಗೆ ಒದಗಿಸುವುದೂ, ತಜ್ಞರನ್ನು ಅದಕ್ಕೆ ಅಣಿಗೊಳಿಸುವುದೂ ಅದರ ಕೆಲಸ. ಇಂಥ ಕೇಂದ್ರಗಳಿಂದ ಪತ್ರಕರ್ತರು ಸಿದ್ಧ ಹೇಳಿಕೆಗಳಿಗೆ ಒಗ್ಗಿಹೋಗುತ್ತಾರೆಂಬ ಆಕ್ಷೇಪವೂ ಕೇಳಿಬಂದಿದೆ, ಅದನ್ನು ಅಲಕ್ಷಿಸುವಂತಿಲ್ಲ. ಆದರೂ ಅಗತ್ಯ ಎಷ್ಟಿತ್ತೆಂಬುದನ್ನು ರಾಯಲ್ ಸೊಸೈಟಿ 2006ರಲ್ಲಿ ಪ್ರಕಟಿಸಿದ ಸಮೀಕ್ಷೆ ತೋರಿಸಿತು. ಅದರಲ್ಲಿ ಉತ್ತರಿಸಿದ ವಿಜ್ಞಾನಿಗಳಲ್ಲಿ ಶೇ. 73ರಷ್ಟು ಮಂದಿಗೆ ಯಾವುದೇ ಸಂವಹನ ತರಬೇತಿ ಆಗಿರಲಿಲ್ಲ. ಸಂಶೋಧನೆಗೇ ಸಮಯ ಸಾಲದೆಂಬುದು ಶೇ. 64ರಷ್ಟು ಮಂದಿ ಹೇಳಿದ ಅಡ್ಡಿ. ಬೋಡ್ಮರ್ ವರದಿ ಬಂದು ಇಪ್ಪತ್ತೊಂದು ವರ್ಷಗಳಾಗಿದ್ದವು.

ಲಾಕ್ವಿಲದ ಎಚ್ಚರಿಕೆ

ಮೌನವೂ ಒಂದು ಬಗೆಯ ಸಂವಹನವೆಂಬುದನ್ನು ಇಟಲಿಯ ಲಾಕ್ವಿಲ ನಗರದ ಪ್ರಕರಣ ಮನಗಾಣಿಸಿತು. 2009ರ ಆರಂಭದ ತಿಂಗಳುಗಳಲ್ಲಿ ಅಲ್ಲಿ ಸಣ್ಣ ಕಂಪನಗಳು ಸಾಲುಸಾಲಾಗಿ ಸಂಭವಿಸಿ ಜನರಲ್ಲಿ ಭೀತಿ ಹುಟ್ಟಿತ್ತು. ಮಾರ್ಚ್ 31ರಂದು ತಜ್ಞರ ಸಮಿತಿ ಆ ನಗರದಲ್ಲಿ ಸಭೆ ಸೇರಿತು. ಭೂಕಂಪವನ್ನು ಮುಂಗಾಣಲು ಸಾಧ್ಯವಿಲ್ಲವೆಂಬುದು ವಿಜ್ಞಾನಿಗಳಿಗೆ ತಿಳಿದಿತ್ತು. ಆಗುವುದಿಲ್ಲವೆಂದು ಹೇಳಲೂ ಸಾಧ್ಯವಿಲ್ಲವೆಂಬುದೂ ತಿಳಿದಿತ್ತು. ಆದರೆ ಜನರನ್ನು ಮುಟ್ಟಿದ್ದು ನಾಗರಿಕ ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬರು ದೂರದರ್ಶನಕ್ಕೆ ಕೊಟ್ಟ ಸಮಾಧಾನದ ಮಾತು: ಸಣ್ಣ ಕಂಪನಗಳಿಂದ ಶಕ್ತಿ ಬಿಡುಗಡೆಯಾಗುತ್ತಿದೆ, ಆದ್ದರಿಂದ ಪರಿಸ್ಥಿತಿ ಅನುಕೂಲಕರವಾಗಿದೆ. ಈ ಮಾತಿಗೆ ವೈಜ್ಞಾನಿಕ ಆಧಾರವಿರಲಿಲ್ಲ. ಅದನ್ನು ಜನರ ಮುಂದೆ ತಿದ್ದುವ ಕೆಲಸ ನಡೆಯಲಿಲ್ಲ. ನೆಲ ನಡುಗಿದೊಡನೆ ಮನೆಯಿಂದ ಹೊರಬಂದು ಬಯಲಿನಲ್ಲಿ ರಾತ್ರಿ ಕಳೆಯುವುದು ಆ ಪ್ರದೇಶದ ಹಿರಿಯರಿಂದ ಬಂದ ವಾಡಿಕೆ. ಏಪ್ರಿಲ್ 6ರ ನಸುಕಿನ ದೊಡ್ಡ ಕಂಪನಕ್ಕೆ ಮುನ್ನ ಆ ವಾಡಿಕೆಯನ್ನು ಬಿಟ್ಟು ಮನೆಯೊಳಗೇ ಉಳಿದ ಕುಟುಂಬಗಳಿದ್ದವೆಂಬುದು ಮುಂದೆ ನ್ಯಾಯಾಲಯದ ವಿಚಾರಣೆಯ ಕೇಂದ್ರವಾಯಿತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

2012ರ ಅಕ್ಟೋಬರಿನಲ್ಲಿ ಆರು ಮಂದಿ ತಜ್ಞರಿಗೂ ಆ ಅಧಿಕಾರಿಗೂ ನರಹತ್ಯೆಯ ಆರೋಪದಲ್ಲಿ ತಲಾ ಆರು ವರ್ಷಗಳ ಶಿಕ್ಷೆಯಾಯಿತು. ವಿಜ್ಞಾನಿ ಜಗತ್ತು ಇದನ್ನು ತೀವ್ರವಾಗಿ ಪ್ರತಿಭಟಿಸಿತು. ಮೇಲ್ಮನವಿಯಲ್ಲಿ 2014ರಲ್ಲಿ ಆರು ಮಂದಿಯೂ ಖುಲಾಸೆಯಾದರು. ಅಧಿಕಾರಿಯ ಶಿಕ್ಷೆ ಎರಡು ವರ್ಷಕ್ಕೆ ಇಳಿಯಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಭೂಕಂಪವನ್ನು ಮುಂಗಾಣಲಿಲ್ಲವೆಂದು ಅವರನ್ನು ಶಿಕ್ಷಿಸಲಾಗಿತ್ತೆಂಬ ಪ್ರಚಾರ ಸರಿಯಲ್ಲ. ಜನರಿಗೆ ಸರಿಯಾದ ಮಾಹಿತಿ ದೊರೆಯಲಿಲ್ಲವೆಂಬುದೇ ಮೊಕದ್ದಮೆಯ ತಿರುಳು. ಕಾನೂನಿನ ದೃಷ್ಟಿಯಲ್ಲಿ ವಿಜ್ಞಾನಿಗಳು ನಿರ್ದೋಷಿಗಳಾದರು. ಆದರೆ ತನ್ನ ಹೆಸರಿನಲ್ಲಿ ಬೇರೊಬ್ಬರು ಆಡಿದ ತಪ್ಪು ಮಾತನ್ನು ತಿದ್ದುವ ಹೊಣೆ ತಜ್ಞನಿಗಿದೆಯೇ ಎಂಬ ನೈತಿಕ ಪ್ರಶ್ನೆ ಹಾಗೆಯೇ ಉಳಿದಿದೆ. ಅದೇ 2009ರಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದಲ್ಲಿ ನಟ ಆ್ಯಲನ್ ಆಲ್ಡ ಅವರ ಪ್ರೇರಣೆಯಿಂದ ಸಂವಹನ ಕೇಂದ್ರವೊಂದು ಹುಟ್ಟಿದುದು ಕಾಕತಾಳೀಯ. ರಂಗಭೂಮಿಯ ಆಶು ಅಭಿನಯದ ಅಭ್ಯಾಸಗಳನ್ನು ಅಲ್ಲಿ ವಿಜ್ಞಾನಿಗಳಿಗೆ ಮಾಡಿಸಲಾಗುತ್ತದೆ. ಎದುರಿಗಿರುವವನ ಮುಖವನ್ನು ನೋಡಿ, ಅವನಿಗೆ ಏನು ಮುಟ್ಟಿತು, ಏನು ಮುಟ್ಟಲಿಲ್ಲವೆಂಬುದನ್ನು ಅರಿಯುವುದೇ ಆ ಶಿಕ್ಷಣದ ಗುರಿ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಇದೇ ಪ್ರಶ್ನೆಗೆ ಭಾಷೆಯ ಆಯಾಮವೊಂದು ಸೇರಿಕೊಳ್ಳುತ್ತದೆ. ಇಲ್ಲಿ ಸಂಶೋಧಕ ಕಲಿಯುವುದೂ ಬರೆಯುವುದೂ ಇಂಗ್ಲಿಷಿನಲ್ಲಿ. ಅವನ ಸಂಶೋಧನೆಗೆ ತೆರಿಗೆಯ ಮೂಲಕ ಹಣ ಒದಗಿಸುವ ಬಹುಜನರ ಬದುಕು ನಡೆಯುವುದು ದೇಶಭಾಷೆಗಳಲ್ಲಿ. ಈ ಅಂತರವನ್ನು ಕನ್ನಡದ ವಿಜ್ಞಾನ ಬೋಧಕರು ಬಹಳ ಹಿಂದೆಯೇ ಗುರುತಿಸಿದ್ದರು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಟಿತು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ವೆಂಕಟನಾರಣಪ್ಪನವರು ಅದೇ ವಿಷಯಗಳಿಗೆ ಕನ್ನಡದ ಶಬ್ದಗಳನ್ನು ಹುಡುಕಬೇಕಾಯಿತು. ಪತ್ರಿಕೆ ನಡೆದದ್ದು ಸುಮಾರು ಎರಡು ವರ್ಷ. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಪ್ರಚಾರೋಪನ್ಯಾಸಗಳನ್ನು ನೀಡಿ, ಅವುಗಳನ್ನು ಕಿರುಹೊತ್ತಗೆಗಳಾಗಿ ಪ್ರಕಟಿಸುವ ಪರಂಪರೆ ಬೆಳೆಯಿತು. ಭೌತಶಾಸ್ತ್ರದ ಪ್ರಾಧ್ಯಾಪಕ ಆರ್. ಎಲ್. ನರಸಿಂಹಯ್ಯನವರ ಖಗೋಳ ಗ್ರಂಥಗಳು ಈ ಪೀಳಿಗೆಯ ಫಲ.

ಇವರಾರಿಗೂ ಔಪಚಾರಿಕ ತರಬೇತಿ ಇರಲಿಲ್ಲ. ಆದರೆ ಕನ್ನಡದಲ್ಲಿ ಬರೆಯುವ ಕಷ್ಟವೇ ಅವರಿಗೆ ತರಬೇತಿಯಾಯಿತು ಎನ್ನಬಹುದು. ಇಂಗ್ಲಿಷಿನ ಪರಿಭಾಷೆಯೊಂದನ್ನು ಹಾಗೆಯೇ ಉಪಯೋಗಿಸಿ ಮುಂದೆ ಸಾಗಬಹುದು. ಅದನ್ನು ಕನ್ನಡಕ್ಕೆ ತರಹೊರಟಾಗ ಮಾತ್ರ ಅದರ ಅರ್ಥ ತನಗೆ ಎಷ್ಟು ಸ್ಪಷ್ಟವಾಗಿದೆಯೆಂಬುದು ಬರೆಯುವವನಿಗೇ ಗೊತ್ತಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಈ ದೃಷ್ಟಿಯಿಂದ ಒಂದು ಶಾಲೆಯೇ ಆಗಿತ್ತು. 1969ರಿಂದ 1986ರವರೆಗೆ ಅದರ ವಿಜ್ಞಾನ ಸಂಪಾದಕರಾಗಿದ್ದ ಜಿ. ಟಿ. ನಾರಾಯಣ ರಾಯರ ಕೈಯಲ್ಲಿ ತಜ್ಞರ ಬರಹಗಳು ಕನ್ನಡ ಓದುಗನ ಹದಕ್ಕೆ ಬಂದವು. 1978ರಲ್ಲಿ ಆರಂಭವಾದ 'ಬಾಲ ವಿಜ್ಞಾನ' ಮಾಸಪತ್ರಿಕೆ, 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅವುಗಳ ಹಿಂದೆ ನಿಂತ ಜೆ. ಆರ್. ಲಕ್ಷ್ಮಣ ರಾವ್ ಮೊದಲಾದವರು ಈ ಕಾರ್ಯವನ್ನು ಶಾಲೆಗಳವರೆಗೆ ಕೊಂಡೊಯ್ದರು.

ರಾಷ್ಟ್ರಮಟ್ಟದಲ್ಲಿ 1982ರಲ್ಲಿ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂವಹನ ಪರಿಷತ್ತೂ 1989ರಲ್ಲಿ 'ವಿಜ್ಞಾನ ಪ್ರಸಾರ'ವೂ ಸ್ಥಾಪಿತವಾದವು. ಎರಡನೆಯ ಸಂಸ್ಥೆಯನ್ನು 2023ರಲ್ಲಿ ಮುಚ್ಚಲಾಯಿತು. ಸಂಶೋಧಕರನ್ನೇ ಗುರಿಯಾಗಿಟ್ಟುಕೊಂಡ ಯೋಜನೆಗಳು ಬಂದದ್ದು ತಡವಾಗಿ. ಡಾಕ್ಟರೇಟ್ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಜನಪ್ರಿಯ ಲೇಖನವಾಗಿ ಬರೆದರೆ ಬಹುಮಾನ ನೀಡುವ 'ಅವ್‌ಸರ್' ಯೋಜನೆ 2018ರಲ್ಲಿ ಆರಂಭವಾಯಿತು. 2022ರಲ್ಲಿ ಪ್ರಕಟವಾದ ವೈಜ್ಞಾನಿಕ ಸಾಮಾಜಿಕ ಹೊಣೆಗಾರಿಕೆಯ ಮಾರ್ಗಸೂಚಿ, ಪ್ರತಿಯೊಬ್ಬ ವಿಜ್ಞಾನಿ ವರ್ಷಕ್ಕೆ ಕನಿಷ್ಠ ಹತ್ತು ದಿನಗಳ ದುಡಿಮೆಯನ್ನು ಸಮಾಜಕ್ಕೆ ಮೀಸಲಿಡಬೇಕೆಂದು ಅಪೇಕ್ಷಿಸುತ್ತದೆ.

ಈ ಹತ್ತು ದಿನಗಳಲ್ಲಿ ನಡೆಯಬೇಕಾದ ಸಂವಾದ ಎಂಥದಿರಬೇಕೆಂಬುದಕ್ಕೆ ಬಿಟಿ ಬದನೆಯ ವಿವಾದ ಒಳ್ಳೆಯ ಪಾಠ. 2009ರ ಅಕ್ಟೋಬರಿನಲ್ಲಿ ತಜ್ಞ ಸಮಿತಿ ಒಪ್ಪಿಗೆ ನೀಡಿದ ಈ ಬೆಳೆಯ ಬಗ್ಗೆ ಅಂದಿನ ಪರಿಸರ ಸಚಿವರು ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿ, 2010ರ ಫೆಬ್ರವರಿ 9ರಂದು ತಡೆ ವಿಧಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ರೂಪಿಸುತ್ತಿದ್ದ ಬಿಟಿ ತಳಿಗಳಲ್ಲಿ ಉಡುಪಿ ಗು‍ಳ್ಳವೂ ಇತ್ತು. ಕರಾವಳಿಯ ಜನರ ಪಾಲಿಗೆ ಗುಳ್ಳ ಒಂದು ತರಕಾರಿಯಷ್ಟೇ ಅಲ್ಲ. ಮಟ್ಟು ಗ್ರಾಮದ ಗುಳ್ಳದೊಡನೆ ವಾದಿರಾಜರ ಐತಿಹ್ಯ ಬೆಸೆದುಕೊಂಡಿದೆ. ಅದರ ಬೀಜ ಯಾರದು, ಸ್ಥಳೀಯ ತಳಿ ಉಳಿಯುವುದೇ ಎಂಬ ಪ್ರಶ್ನೆಗಳಿಗೆ ವಿಷದ ಪ್ರಮಾಣದ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಸಿದ್ಧಪಡಿಸಿದ ಉತ್ತರ ಎಷ್ಟೇ ನಿಖರವಾಗಿದ್ದರೂ ಉತ್ತರವಾಗುವುದಿಲ್ಲ. ಇದಕ್ಕೆ ವಿರುದ್ಧವಾದ ಆಶಾದಾಯಕ ನಿದರ್ಶನವೂ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡತೊಡಗಿದಾಗ ದೇಶದ ನೂರಾರು ವಿಜ್ಞಾನಿಗಳು ಸ್ವಯಂಪ್ರೇರಿತರಾಗಿ ಒಂದುಗೂಡಿ, ಹರಡುತ್ತಿದ್ದ ವದಂತಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ವಿವರಣೆಗಳನ್ನು ಸಿದ್ಧಪಡಿಸಿದರು. ಅಲ್ಲಿ ಕೆಲಸ ಆರಂಭವಾದದ್ದು ವಿಜ್ಞಾನಿಗೆ ಗೊತ್ತಿದ್ದುದರಿಂದ ಅಲ್ಲ, ಜನ ಏನನ್ನು ಕೇಳುತ್ತಿದ್ದರೋ ಅದರಿಂದ.

ಉಪಸಂಹಾರ

ಸಂವಹನ ಶಿಕ್ಷಣದ ಚರಿತ್ರೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು. ಸ್ವರ, ಭಂಗಿ, ಸಮಯಗಳನ್ನು ತಿದ್ದಿಕೊಂಡದ್ದು ಮೊದಲ ಹಂತ. ಮಾಹಿತಿಯನ್ನು ಸರಳಗೊಳಿಸಿ ಮಾಧ್ಯಮಗಳ ಮೂಲಕ ತಲುಪಿಸಲು ಕಲಿತದ್ದು ಎರಡನೆಯ ಹಂತ. ಅನಿಶ್ಚಯವನ್ನು ಮರೆಮಾಚದೆ ಹೇಳುವುದು, ಸಾಕ್ಷ್ಯದ ಮಿತಿಯೊಳಗೆ ನಿಲ್ಲುವುದು, ಕೇಳುಗರ ಪ್ರಶ್ನೆಯನ್ನು ಮೊದಲು ಅರಿಯುವುದು ಮೂರನೆಯದು. ಮೊದಲೆರಡನ್ನು ಎರಡು ದಿನಗಳ ಶಿಬಿರದಲ್ಲಿ ಕಲಿಸಬಹುದು. ಮೂರನೆಯದು ಶಿಬಿರದಲ್ಲಿ ಪ್ರಾರಂಭವಾಗಬಹುದಷ್ಟೇ. ಅದು ಬೆಳೆಯಬೇಕಾದದ್ದು ಸಂಶೋಧನಾ ಪದವಿಯ ಪಾಠಕ್ರಮದಲ್ಲಿ, ಬಡ್ತಿಯ ನಿಯಮಗಳಲ್ಲಿ, ಸಂಸ್ಥೆಯ ದಿನನಿತ್ಯದ ನಡವಳಿಕೆಯಲ್ಲಿ.

ಕರ್ನಾಟಕಕ್ಕೆ ಇದರಿಂದ ದೊರೆಯುವ ಸೂಚನೆ ಸ್ಪಷ್ಟವಾಗಿದೆ. ದೇಶದ ಪ್ರಮುಖ ಸಂಶೋಧನಾ ಸಂಸ್ಥೆಗಳಲ್ಲಿ ಅನೇಕವು ಬೆಂಗಳೂರಿನಲ್ಲಿವೆ; ಒಂದು ಶತಮಾನದ ಕನ್ನಡ ವಿಜ್ಞಾನ ಬರವಣಿಗೆಯ ಅನುಭವವೂ ಈ ನಾಡಿನಲ್ಲಿದೆ. ಇವೆರಡೂ ಒಂದರ ಪಕ್ಕದಲ್ಲಿ ಒಂದು ಇದ್ದರೂ ಪರಸ್ಪರ ಬೆರೆತದ್ದು ಕಡಮೆ. ಸಂಶೋಧಕರ ತರಬೇತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತರೆ ಲಾಭವಾಗುವುದು ಓದುಗರಿಗೆ ಮಾತ್ರವಲ್ಲ. 'ಅಪಾಯವಿಲ್ಲ' ಎಂಬುದಕ್ಕೂ 'ಅಪಾಯದ ಪುರಾವೆ ಈವರೆಗೆ ದೊರೆತಿಲ್ಲ' ಎಂಬುದಕ್ಕೂ ಇರುವ ಅಂತರವನ್ನು ರೈತನಿಗೂ ತಾಯಿಗೂ ಅವರ ನುಡಿಯಲ್ಲಿಯೇ ಬಿಡಿಸಿ ಹೇಳಬಲ್ಲ ಸಂಶೋಧಕನಿಗೆ ತನ್ನ ಸಂಶೋಧನೆಯೂ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ. ತನ್ನ ಮಾತು ಕೇಳುವವರಿಗೆ ಮುಟ್ಟುತ್ತಿದೆಯೇ ಎಂಬುದನ್ನು ನೋಡಿ ಹೇಳಲು ಫ್ಯಾರಡೆಯವರು ಸಹಾಯಕನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಇಂದು ಆ ಕೆಲಸವನ್ನು ಜನರೇ ಮಾಡಬಲ್ಲರು. ಅವರು ಎತ್ತಿ ಹಿಡಿದ ಚೀಟಿಯನ್ನು ಓದುವ ವ್ಯವಧಾನವಷ್ಟೇ ವಿಜ್ಞಾನಿಗೆ ಬೇಕಾಗಿದೆ.